ಎರಡನೆಯ ಏಟು

ಕಾಜಕ್ಕ ಒಂದು ಕಡೆ ನೆಮ್ಮದಿಯಾಗಿ ಕೂತದ್ದನ್ನು ದರ್ಜಿಗಳ ಬೀದಿಯಲ್ಲಿ ಯಾರೂ ಕಂಡಿರಲಿಲ್ಲ. ಸೂಜಿ ಹಿಡಿದು ಮಾಡುವ ಕೆಲಸ, ಕೂತೇ ಮಾಡಬೇಕಾದದ್ದು. ಆದರೆ ಅವಳು ಕೋಟನ್ನು ಮುಂಗೈ ಮೇಲೆ ಹಾಕಿಕೊಂಡು, ಅಂಗಡಿಯ ಈ ಮೂಲೆಯಿಂದ ಆ ಮೂಲೆಗೆ ನಡೆಯುತ್ತಲೇ ಹೊಲಿಯುತ್ತಿದ್ದಳು. "ಇವಳನ್ನ ಒಂದು ದಿನ ಕುರ್ಚಿಗೇ ಹೊಲಿದುಬಿಡ್ತೀನಿ," ಎನ್ನುತ್ತಿದ್ದ ಅಂಗಡಿಯ ಮಾಸ್ತರ್. "ಹೊಲೀರಿ ಮಾಸ್ತರ್ರೇ, ಕುರ್ಚಿ ಎತ್ಕೊಂಡೇ ಓಡಾಡ್ತೀನಿ," ಎನ್ನುತ್ತಿದ್ದಳು ಅವಳು.

ಹೆಸರು ಬಂದದ್ದು ಕೆಲಸದಿಂದ. ಆ ಬೀದಿಯಲ್ಲಿ ಬಟ್ಟೆ ಕತ್ತರಿಸುವವರು ಬೇರೆ, ಮೆಷಿನ್ ತುಳಿಯುವವರು ಬೇರೆ, ಗುಂಡಿ ತೂರುವ ಕಂಡಿಗೆ, ಅಂದರೆ ಕಾಜಕ್ಕೆ, ಕೈಯಿಂದ ದಾರ ಕಟ್ಟುವವರು ಬೇರೆ. ಬ್ಲೇಡಿನ ತುದಿಯಿಂದ ಬಟ್ಟೆ ಸೀಳಬೇಕು. ಸೀಳಿದ ಅಂಚು ಬಿಚ್ಚಿಕೊಳ್ಳುವ ಮುಂಚೆ ದಾರದಲ್ಲಿ ಅದನ್ನು ಹಿಡಿಯಬೇಕು. ಒಂದರ ಪಕ್ಕ ಒಂದು ಗಂಟು ಕೂರಿಸುತ್ತ ಸುತ್ತು ಬರಬೇಕು. ಮೆಷಿನ್ನಿನಲ್ಲೇ ಕಾಜ ಹಾಕುವ ಕಾಲ ಬಂದಮೇಲೂ ಒಳ್ಳೆಯ ಕೋಟುಗಳು ಹುಡುಕಿಕೊಂಡು ಅವಳ ಕೈಗೇ ಬರುತ್ತಿದ್ದವು.

ಅವಳು ಹೀಗೆ ಕಾಲಿಗೆ ಚಕ್ರ ಕಟ್ಟಿಕೊಂಡವಳಾದದ್ದಕ್ಕೂ ಒಂದು ಕಾರಣವಿತ್ತು. ತಾಯಿ ತೀರಿಕೊಂಡಾಗ ಚಿಕ್ಕ ತಮ್ಮ ಇನ್ನೂ ಅಂಬೆಗಾಲಿಡುತ್ತಿದ್ದ. ತಂದೆ ಅದಕ್ಕೂ ಮುಂಚೆಯೇ ಹೋಗಿದ್ದರು. ಅಣ್ಣ ಬಸ್ಸಿನ ಕೆಲಸಕ್ಕೆ ಸೇರಿದ್ದ, ಬೆಳಗಾದರೆ ಹೊರಡುತ್ತಿದ್ದ. ಮಗು ಸೊಂಟ ಬಿಟ್ಟು ಇಳಿಯುತ್ತಿರಲಿಲ್ಲ; ಇಳಿಸಿದರೆ ಅಳು, ಎತ್ತಿಕೊಂಡು ನಿಂತರೂ ಅಳು, ನಡೆದಾಡಿದರೆ ಮಾತ್ರ ಸುಮ್ಮನಾಗುತ್ತಿದ್ದ. ಅವಳು ನಡೆದಳು. ಒಂದು ಸೊಂಟದಲ್ಲಿ ತಮ್ಮ, ಇನ್ನೊಂದು ಕೈಯಲ್ಲಿ ಸೌಟು. ಮದುವೆಯ ಮಾತು ಬಂದಾಗಲೆಲ್ಲ "ಇವನು ಒಂದಿಷ್ಟು ದೊಡ್ಡವನಾಗಲಿ" ಎಂದಳು. ಅವನು ದೊಡ್ಡವನಾಗುವಷ್ಟರಲ್ಲಿ ಕೇಳಿಕೊಂಡು ಬರುವವರೇ ನಿಂತುಹೋದರು. ಅದಕ್ಕಾಗಿ ಅವಳು ಮುಖ ಸಣ್ಣ ಮಾಡಿಕೊಂಡವಳಲ್ಲ. ಅಣ್ಣನ ಮನೆಯಲ್ಲೇ ಉಳಿದಳು, ಅತ್ತಿಗೆಯ ಜೊತೆ ಜಗಳವಾಡಿದಳು, ಅತ್ತಿಗೆಯ ಜೊತೆಯೇ ನಕ್ಕಳು.

ತಮ್ಮ ಚುರುಕು. ಯಾವ ಕೆಲಸವನ್ನೂ ನೋಡಿದರೇ ಸಾಕು, ಕಲಿತುಬಿಡುತ್ತಿದ್ದ. ಕಲಿತ ಮೇಲೆ ಬೇಸರ ಬಂದು ಬಿಟ್ಟುಬಿಡುತ್ತಿದ್ದ. ಸಿಟ್ಟು ಮೂಗಿನ ತುದಿಯಲ್ಲೇ. ಬಣ್ಣದ ಅಂಗಡಿ ಆಯಿತು, ರೇಡಿಯೊ ರಿಪೇರಿ ಆಯಿತು, ಕೊನೆಗೆ ದರ್ಜಿಗಳ ಬೀದಿಯ ತಿರುವಿನಲ್ಲಿದ್ದ ಬೀಗದ ಅಂಗಡಿಗೆ ಸೇರಿದ. ಅಂಗಡಿಯವನು ಭಾರದ ಆಳು, ನಿಧಾನದ ಮನುಷ್ಯ. ಒಂದು ಮಾತಿಗೂ ಇನ್ನೊಂದು ಮಾತಿಗೂ ನಡುವೆ ಒಂದು ಕೀಲಿ ಉಜ್ಜಿ ಮುಗಿಸುವಷ್ಟು ಹೊತ್ತು. ಕಾಜಕ್ಕ ಅವನನ್ನು "ಬೀಗದಣ್ಣ" ಎಂದು ಬಹುವಚನದಲ್ಲೇ ಮಾತಾಡಿಸುತ್ತಿದ್ದಳು. "ನಮ್ಮ ಹುಡುಗನ್ನ ಸ್ವಲ್ಪ ತಿದ್ದಿ," ಎಂದು ಅವಳೇ ಹೋಗಿ ಕೇಳಿಕೊಂಡಿದ್ದಳು.

ತಿದ್ದುವ ಮಾತು ಹಾಗೇ ಉಳಿಯಿತು. ಗಿರಾಕಿಯೊಬ್ಬರ ಮನೆಯ ಕೀಲಿಯನ್ನು ತಮ್ಮ ಇನ್ನೊಂದು ಮಾಡಿ ಜೇಬಿನಲ್ಲಿಟ್ಟುಕೊಂಡಿದ್ದು ಬೀಗದವನ ಕಣ್ಣಿಗೆ ಬಿತ್ತು. ಕಳ್ಳತನ ಇನ್ನೂ ನಡೆದಿರಲಿಲ್ಲ. ನಡೆಯುತ್ತಿತ್ತೋ ಇಲ್ಲವೋ ದೇವರಿಗೇ ಗೊತ್ತು. ಬೀಗದವನು ಆ ಕೀಲಿಯನ್ನು ಬೀದಿಯವರಿಗೆಲ್ಲ ತೋರಿಸಿ, ಅವನನ್ನು ಹೊರಗೆ ಕಳಿಸಿದ. ಆಮೇಲೆ ಊರಲ್ಲಿ ಯಾರೂ ಅವನನ್ನು ಕೆಲಸಕ್ಕೆ ಹತ್ತಿರ ಸೇರಿಸಲಿಲ್ಲ. ಚಹಾ ಅಂಗಡಿಯಲ್ಲಿ ಅವನು ಬಂದು ಕೂತರೆ ಜನ ಜೇಬು ಮುಟ್ಟಿ ನೋಡಿಕೊಳ್ಳುತ್ತಿದ್ದರು. ಮನೆಗೆ ಬಂದರೆ ಅಣ್ಣನ ಬೈಗುಳ. "ಸುಮ್ನೆ ಮಾಡಿದ್ದು ಅಕ್ಕ, ಆ ಬೀಗ ಕಷ್ಟದ್ದು, ನನ್ನ ಕೈಲಾಗುತ್ತಾ ಅಂತ ನೋಡ್ದೆ," ಎಂದು ಅವಳ ಹತ್ತಿರ ಹೇಳಿದ. ಅವಳು ನಂಬಿದಳು. ಪೂರ್ತಿ ನಂಬಿದೆನೇ ಎಂದು ಆಮೇಲೆ ತನ್ನನ್ನೇ ಬಹಳ ಸಲ ಕೇಳಿಕೊಂಡಳು.

ಆ ಮಧ್ಯಾಹ್ನ ಅಡುಗೆಮನೆಯಲ್ಲಿ ತರಕಾರಿ ಹೆಚ್ಚುವ ಚೂರಿ ಕಾಣಲಿಲ್ಲ. ಅತ್ತಿಗೆ ಎಲ್ಲೋ ಇಟ್ಟಿರಬೇಕು ಎಂದುಕೊಂಡು ಅವಳು ಈರುಳ್ಳಿಯನ್ನು ಕೈಯಲ್ಲೇ ಜಜ್ಜಿ, ಊಟ ಮುಗಿಸಿ, ಅಂಗಡಿಗೆ ಬಂದಳು. ಕೋಟಿನ ಎರಡನೇ ಕಾಜ ಅರ್ಧಕ್ಕೆ ಬಂದಿತ್ತು. ಎದುರಿನ ಇಸ್ತ್ರಿಯವನು ಓಡಿಬಂದು ಬಾಗಿಲಲ್ಲಿ ನಿಂತ. ಬೀಗದ ಅಂಗಡಿಯ ಕಡೆ ಕೈ ತೋರಿಸಿದ. ಅವಳು ಬೆರಳಿಗೆ ಹಾಕಿದ ತಗಡಿನ ಟೋಪಿಯನ್ನೂ ತೆಗೆಯದೆ ಓಡಿದಳು.

ಅಂಗಡಿ ಅಂದರೆ ಒಂದು ಗೂಡು. ಗೋಡೆಯ ತುಂಬ ಮೊಳೆಗೆ ನೇತುಹಾಕಿದ ಕೀಲಿಗಳು, ನಡುವೆ ಇಬ್ಬರು ಎದುರುಬದುರು ನಿಂತರೆ ಮೂರನೆಯವರಿಗೆ ಜಾಗವಿಲ್ಲ. ತಮ್ಮ ಹೊಸ್ತಿಲಿಗೆ ಅಡ್ಡವಾಗಿ ಬೋರಲು ಬಿದ್ದಿದ್ದ, ತಲೆ ಹೊರಗೆ, ಕಾಲು ಒಳಗೆ. ಬೀಗದವನು ಒಳಗೆ ಸ್ಟೂಲಿನ ಮೇಲೆ ಕೂತಿದ್ದ. ಸೀಳಿದ ಮುಂಗೈಯಿಂದ ರಕ್ತ ತೊಡೆಗೆ ಇಳಿಯುತ್ತಿತ್ತು, ಸುತ್ತಿಗೆ ಇನ್ನೂ ಅದೇ ಕೈಯಲ್ಲಿತ್ತು. ಅವನ ಕಾಲ ಬಳಿ ಅವಳ ಮನೆಯ ಚೂರಿ.

ಮಣ್ಣು ಮಾಡಿ ಬಂದಮೇಲೆ ಬೀದಿಯೇ ತೀರ್ಪು ಕೊಟ್ಟುಬಿಟ್ಟಿತು. ಚೂರಿ ಹಿಡಿದು ಬಂದವನು ಅವನು, ಮೊದಲು ಇರಿದವನು ಅವನು, ಕೈ ತಡೆಯುವಾಗ ಸತ್ತ. ಇದರಲ್ಲಿ ಬೀಗದವನ ತಪ್ಪೇನು? ಶರೀಅತ್ತಿನಲ್ಲೂ ಪ್ರಾಣ ಉಳಿಸಿಕೊಳ್ಳುವವನ ಮೇಲೆ ಹೊಣೆಯಿಲ್ಲ ಎಂದು ತಿಳಿದವರು ಹೇಳಿದರು. ಕಾಜಕ್ಕನಿಗೆ ಕಿವಿ ಮುಚ್ಚಿಕೊಳ್ಳುವ ಹಾಗಾಗುತ್ತಿತ್ತು. ಜನರ ಬಾಯಲ್ಲಿ ತಮ್ಮನಿಗೆ ಇದ್ದ ಹೆಸರು ಹೋಗಿ "ಆ ಚೂರಿಯವನು" ಆಗಿದ್ದ. ಕೈಯಲ್ಲಿ ಕೆಲಸ ನಿಲ್ಲಲಿಲ್ಲ. ಹೊಲಿದ ಕಾಜ ಗುಂಡಿಗಿಂತ ದೊಡ್ಡದಾಗುತ್ತಿತ್ತು, ಬಿಚ್ಚುತ್ತಿದ್ದಳು, ಬಿಚ್ಚಿದ ಕಡೆ ಬಟ್ಟೆ ನಾರಾಗುತ್ತಿತ್ತು. ಮಾಸ್ತರ್ ಕಂಡೂ ಕಾಣದಂತೆ ಕೋಟಿನ ಹಾಳಾದ ತೋಳುಗಳನ್ನು ಎತ್ತಿಟ್ಟು ಬೇರೆ ಕತ್ತರಿಸಿಕೊಟ್ಟ.

ಆ ನಾಡಿನಲ್ಲಿ ಕೊಲೆಯ ಮೊಕದ್ದಮೆಯೂ ಶರೀಅತ್ತಿನಂತೆ ಖಾಜಿಯ ಮುಂದೆಯೇ ನಡೆಯುತ್ತಿತ್ತು. ನ್ಯಾಯಾಲಯಕ್ಕೆ ಕರೆ ಬಂದಾಗ ಬೀದಿಯಲ್ಲಿ ಯಾರೋ "ಕಾಜಕ್ಕ ಖಾಜಿ ಹತ್ರ ಹೊರಟಳು" ಎಂದು ನಕ್ಕರು. ಬೇರೆ ದಿನವಾಗಿದ್ದರೆ ಅವಳೇ ಮೊದಲು ನಗುತ್ತಿದ್ದಳು.

ಖಾಜಿ ಬಡಕಲು ಮನುಷ್ಯ, ಗಂಟಲು ಕಟ್ಟಿದ ದನಿ. ಮಾತಿನ ನಡುವೆ ಕೆಮ್ಮು ಬಂದರೆ ಕೈ ಎತ್ತಿ ಎಲ್ಲರನ್ನೂ ಕಾಯಿಸುತ್ತಿದ್ದರು. ಕೋಣೆಯಲ್ಲಿ ಫ್ಯಾನು ಕಿರುಗುಟ್ಟುತ್ತಿತ್ತು. ಬೀಗದವನು ಕಟಕಟೆಯಲ್ಲಿ ಎರಡೂ ಕೈಯಿಂದ ಮರದ ಅಂಚು ಹಿಡಿದು ನಿಂತಿದ್ದ. ನೋಡಿದವರು ಯಾರೂ ಇರಲಿಲ್ಲ. ಅಂಗಡಿಯೊಳಗೆ ನಡೆದದ್ದನ್ನು ಹೇಳಲು ಅವನೊಬ್ಬನೇ. ಅವನ ವಕೀಲನ ಮುಖದಲ್ಲಿ ಗೆದ್ದೆವು ಎನ್ನುವ ಕಳೆ ಇತ್ತು.

"ಅವನು ಚೂರಿ ಬೀಸಿದ. ನೀನು?" ಎಂದರು ಖಾಜಿ.

"ಮಣಿಕಟ್ಟಿಗೆ ಸುತ್ತಿಗೆಯಲ್ಲಿ ಹೊಡೆದೆ. ಚೂರಿ ಬಿತ್ತು."

"ಆಮೇಲೆ?"

"ಇನ್ನೊಂದು ಏಟು ಹೊಡೆದೆ. ತಲೆಗೆ."

ವಕೀಲ ಎದ್ದು ನಿಂತ. "ಚೂರಿ ಎತ್ಕೊಳ್ಳೋಕೆ ಅವನು ಬಗ್ಗಿದ್ನಲ್ಲ, ಅದನ್ನ ಹೇಳು."

ಬೀಗದವನು ಒಂದು ಕೀಲಿ ಉಜ್ಜಿ ಮುಗಿಸುವಷ್ಟು ಹೊತ್ತು ಕಟಕಟೆಯ ಮರವನ್ನು ಹೆಬ್ಬೆರಳಿನಿಂದ ಉಜ್ಜಿದ.  

"ಇಲ್ಲ," ಎಂದ. "ಚೂರಿ ನನ್ನ ಕಾಲ ಹತ್ರ ಬಿದ್ದಿತ್ತು. ಅವನು ಬಾಗಿಲ ಕಡೆ ತಿರುಗಿದ್ದ."

ವಕೀಲ ಕಣ್ಣು ಮುಚ್ಚಿಕೊಂಡು ಕೂತ. ಖಾಜಿ ಮುಂದಕ್ಕೆ ಬಾಗಿದರು. "ನೀನು ಏನು ಹೇಳ್ತಿದೀಯ ಗೊತ್ತಾ? ಮೈಮೇಲೆ ಬಿದ್ದವನನ್ನ ತಡೆಯೋದು ನಿನ್ನ ಹಕ್ಕು. ಕೂಗಿದ್ರೆ ನಿಲ್ತಾನೆ ಅಂದ್ರೆ ಕೈ ಎತ್ತಬಾರದು. ಕೈಯಲ್ಲಿ ತಡೆದ್ರೆ ಸಾಕು ಅಂದ್ರೆ ಆಯುಧ ಹಿಡೀಬಾರದು. ಬೇರೆ ದಾರಿಯೇ ಇಲ್ಲದೆ ಅವನು ಸತ್ರೆ ನಿನ್ನ ಮೇಲೆ ರಕ್ತದ ಹೊಣೆ ಇಲ್ಲ. ಆದ್ರೆ ಅವನು ತಿರುಗಿ ಹೊರಟ ಕೂಡ್ಲೆ ಆ ಹಕ್ಕು ಮುಗೀತು. ಮೊದಲ ಏಟು ನಿನ್ನ ರಕ್ಷಣೆಗೆ. ಎರಡನೇದು ಯಾತಕ್ಕೆ?"

"ಭಯ ಇತ್ತು. ಸಿಟ್ಟೂ ಇತ್ತು. ಯಾವುದು ಎಷ್ಟು ಅಂತ ನನಗೇ ತಿಳೀತಿಲ್ಲ. ಅವನು ಬಗ್ಗಿದ ಅಂತ ಮಾತ್ರ ಹೇಳಲಾರೆ. ಬಗ್ಗಲಿಲ್ಲ."

ಅಲ್ಲಿಗೆ ಮೊಕದ್ದಮೆ ತಿರುಗಿಬಿತ್ತು. ಮುಂದಿನ ಮಾತು ಸತ್ತವನ ವಾರಸುದಾರರದು ಎಂದರು ಖಾಜಿ: ಅಣ್ಣ ಮತ್ತು ಅಕ್ಕ. ಜೀವಕ್ಕೆ ಜೀವ ಕೇಳಬಹುದು, ಪರಿಹಾರ ತೆಗೆದುಕೊಳ್ಳಬಹುದು, ಸುಮ್ಮನೆ ಬಿಟ್ಟೂಬಿಡಬಹುದು. ಬಿಡುವುದು ದೇವರಿಗೆ ಹೆಚ್ಚು ಪ್ರಿಯ ಎಂದು ಹೇಳುವುದು ತಮ್ಮ ಕೆಲಸ, ಆದರೆ ಒತ್ತಾಯ ಮಾಡುವಂತಿಲ್ಲ. "ಇಬ್ಬರೂ ಒಂದೇ ಮಾತಾಗಿ ಕೇಳಿದ್ರೆ ಮಾತ್ರ ಜೀವ. ಒಬ್ಬರು ಬೇಡ ಅಂದ್ರೂ ಮುಗೀತು. ಯೋಚನೆ ಮಾಡಿ ಬನ್ನಿ," ಎಂದು ಮುಂದಿನ ತಿಂಗಳಿಗೆ ಹಾಕಿದರು.

ಅಣ್ಣನಿಗೆ ಯೋಚನೆ ಮಾಡಲು ಏನೂ ಇರಲಿಲ್ಲ. ಮನೆಗೆ ಬರುವ ದಾರಿಯಲ್ಲೇ, "ಕೇಳಿದ್ಯಲ್ಲ? ಬೆನ್ನು ತಿರುಗಿಸಿದವನಿಗೆ ಹೊಡೆದಿದಾನೆ. ಅವನ ಬಾಯಲ್ಲೇ ಬಂತು. ಇನ್ನೇನು ಬೇಕು?" ಎಂದ. ಅವನು ಜೀವಮಾನವಿಡೀ ತಮ್ಮನನ್ನು ಬೈದವನು. ಈಗ ಅವನ ಅಂಗಿಯನ್ನು ಮಡಿಸಿ ತನ್ನ ದಿಂಬಿನ ಕೆಳಗೆ ಇಟ್ಟುಕೊಂಡಿದ್ದ.

 ಕಾಜಕ್ಕನನ್ನು ಕೊರೆಯುತ್ತಿದ್ದದ್ದು ಬೇರೆ. ಆ ಮನುಷ್ಯ ಯಾಕೆ ನಿಜ ಹೇಳಿದ? ಒಂದು ಮಾತು, "ಬಗ್ಗಿದ" ಅಂದಿದ್ದರೆ ಆ ಸಂಜೆಯೇ ಮನೆಗೆ ಹೋಗಿ ಊಟ ಮಾಡುತ್ತಿದ್ದ. ಸುಳ್ಳು ಹೇಳಿದ್ದರೆ ಅವನನ್ನು ದ್ವೇಷಿಸುವುದು ಎಷ್ಟು ಸುಲಭವಾಗಿತ್ತು! ಅವಳು ನಡೆದಳು. ಕೆಲಸ ಮುಗಿದ ಮೇಲೆ ಮನೆಯ ದಾರಿ ಬಿಟ್ಟು ಮಾರುಕಟ್ಟೆಯ ಹಿಂದಿನ ಓಣಿಗಳಲ್ಲಿ, ಬಸ್ಸು ನಿಲ್ದಾಣದ ಸುತ್ತ, ಬಾಗಿಲು ಮುಚ್ಚಿದ ಬೀಗದ ಅಂಗಡಿಯ ಮುಂದೆ. ಬೀಗದ ಅಂಗಡಿಗೇ ಯಾರೋ ಹೊರಗಿನಿಂದ ಬೀಗ ಹಾಕಿದ್ದರು. ತಡೆಯಲಾರದೆ ಒಂದು ಬೆಳಿಗ್ಗೆ ಯಾರಿಗೂ ಹೇಳದೆ ಜೈಲಿಗೆ ಹೋದಳು.

ಭೇಟಿಯ ಕೋಣೆಯಲ್ಲಿ ನಡುವೆ ತಂತಿ ಜಾಲರಿ. ಆ ಕಡೆ ಈ ಕಡೆ ಬೆಂಚು. ಅವಳು ಕೂರಲಿಲ್ಲ. ಬೀಗದವನು ಬಂದು, ಅವಳನ್ನು ಕಂಡು, ಕೂರಲು ಹೋದವನು ಹಾಗೇ ನಿಂತ. ಜೈಲಿನ ಊಟಕ್ಕೆ ಆ ಭಾರದ ಮೈ ಜೋತುಬಿದ್ದಿತ್ತು.

"ಯಾಕೆ ಹೇಳ್ದೆ?" ಎಂದಳು. ಅವನನ್ನು ಏಕವಚನದಲ್ಲಿ ಮಾತಾಡಿಸಿದ್ದು ಅದೇ ಮೊದಲು.

"ನಡೆದದ್ದು ಅದೇ ಅಲ್ವಾ ಕಾಜಕ್ಕ."

"ಸುಳ್ಳು ಹೇಳೋಕೆ ಬರಲ್ವಾ ನಿಂಗೆ?"

"ಬರುತ್ತೆ. ಗಿರಾಕಿಗಳಿಗೆ ದಿನಾ ಹೇಳ್ತಿದ್ದೆ, ನಾಳೆ ಕೊಡ್ತೀನಿ ಅಂತ." ಅದು ತಮಾಷೆ ಎಂದು ಅವನಿಗೂ ಗೊತ್ತಿದ್ದಂತಿರಲಿಲ್ಲ. "ಇದನ್ನ ಹೇಳೋಕಾಗಲಿಲ್ಲ. ಬಾಯಿ ತೆರೆದ್ರೆ ಅವನ ಬೆನ್ನೇ ಕಾಣ್ತಿತ್ತು."

ಅವಳು ಜಾಲರಿಯ ಉದ್ದಕ್ಕೂ ನಾಲ್ಕು ಹೆಜ್ಜೆ ಹೋಗಿ ಮತ್ತೆ ಬಂದಳು. ಕೇಳಬೇಕೆಂದು ಬಂದಿದ್ದ ಪ್ರಶ್ನೆ ಅದಾಗಿರಲಿಲ್ಲ.

"ಅವನು ಏನಾದ್ರೂ ಅಂದ್ನಾ? ಕೊನೇಲಿ?"

ಬೀಗದವನು ನೆಲ ನೋಡಿದ. "ಇದನ್ನ ಅಲ್ಲಿ ಯಾರೂ ಕೇಳಲಿಲ್ಲ."

"ನಾನು ಕೇಳ್ತಿದೀನಿ."

"'ಸಾಕು' ಅಂದ. ಚೂರಿ ಬಿದ್ದ ಮೇಲೆ ಕೈ ಹಿಡ್ಕೊಂಡು 'ಸಾಕು, ಸಾಕು' ಅಂತ ತಿರುಗಿದ. ನಂಗೆ ಕೇಳಿಸ್ತು. ಕೇಳಿಸಿದ ಮೇಲೇ ಹೊಡೆದೆ."

ಅವಳು ಜಾಲರಿಗೆ ಮುಖ ತಂದು ಉಗಿದಳು. ಕಾವಲುಗಾರ್ತಿ ಓಡಿಬಂದು ತೋಳು ಹಿಡಿದು ಹೊರಗೆ ತಂದು ಬಿಟ್ಟಳು. ಹೊರಗೆ ಬಿಸಿಲು ಚುರುಗುಟ್ಟುತ್ತಿತ್ತು. ಬಸ್ಸು ಬಂದರೂ ಹತ್ತದೆ ನಡೆದೇ ಹೋದಳು, ಚಪ್ಪಲಿಯ ಬಾರು ಕಿತ್ತುಹೋದಾಗ ಕೈಯಲ್ಲಿ ಹಿಡಿದುಕೊಂಡು ನಡೆದಳು. ಚಿಕ್ಕವನಾಗಿದ್ದಾಗ ತಲೆಗೆ ನೀರು ಹುಯ್ಯುವಾಗ ಅವನು ಹಾಗೇ ಕೂಗುತ್ತಿದ್ದ. ಸಾಕು, ಸಾಕು ಅಕ್ಕ, ಕಣ್ಣಿಗೆ ಹೋಯ್ತು.

ಆ ಸಂಜೆ ಅಣ್ಣನ ಮುಂದೆ ನಿಂತು, "ನಾನೂ ಅದೇ ಹೇಳ್ತೀನಿ. ಅವನು ಬದುಕಬಾರದು," ಎಂದಳು. ಅಣ್ಣ ತಲೆಯಾಡಿಸಿದ. ಅವನ ಮುಖದಲ್ಲಿ ಸಮಾಧಾನ ಬರಬೇಕಿತ್ತು, ಬರಲಿಲ್ಲ.

ಅತ್ತಿಗೆ ಅವಳನ್ನು ಅಡುಗೆಮನೆಗೆ ಎಳೆದುಕೊಂಡು ಹೋದಳು. "ಏನಾಗಿದೆ ನಿಂಗೆ? ನಿಮ್ಮಣ್ಣ ಕೊಲ್ತೀನಿ ಕಡೀತೀನಿ ಅಂದ್ರೆ ನಂಗೆ ಭಯ ಆಗಲ್ಲ. ಅವರು ಬಸ್ಸಿನ ಹಾರ್ನ್ ಇದ್ದಂಗೆ, ದಾರಿ ಖಾಲಿ ಇದ್ರೂ ಹೊಡೀತಾರೆ. ನೀನು ಹಂಗೆ ತಣ್ಣಗೆ ಹೇಳಿದ್ಯಲ್ಲ, ಅದಕ್ಕೆ ಭಯ ಆಗ್ತಿದೆ."

"ಅವನು ಸಾಕು ಅಂದಿದ್ನಂತೆ ಅತ್ತಿಗೆ."

ಅತ್ತಿಗೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಇಬ್ಬರೂ ಅಲ್ಲೇ ಪಾತ್ರೆಗಳ ಮಧ್ಯೆ ನಿಂತರು. ಒಲೆಯ ಮೇಲೆ ಹಾಲು ಉಕ್ಕಿ ಹರಿಯಿತು, ಯಾರೂ ಇಳಿಸಲಿಲ್ಲ.

ಆ ತಿಂಗಳು ಹೇಗೆ ಕಳೆಯಿತೆಂದು ಕೇಳಿದರೆ ಅವಳಿಗೆ ಇವತ್ತಿಗೂ ಹೇಳಲು ಬರುವುದಿಲ್ಲ. ಒಮ್ಮೆ ಸಾಯಲಿ ಎನ್ನಿಸಿ ಮೈ ಹಗುರಾಗುತ್ತಿತ್ತು, ಅಂಗಡಿ ತಲುಪುವಷ್ಟರಲ್ಲಿ ಬೇಡ, ಬೇಡ ಎನ್ನಿಸುತ್ತಿತ್ತು. ನಮಾಜಿಗೆ ನಿಂತರೆ ಎಷ್ಟು ಸಲ ಬಾಗಿ ಎದ್ದೆ, ಎಷ್ಟು ರಕಾತ್ ಆಯಿತೆಂದು ಮರೆತು ಮೊದಲಿನಿಂದ ಶುರು ಮಾಡುತ್ತಿದ್ದಳು. ದುಆಕ್ಕೆ ಕೈ ಎತ್ತಿದರೆ ಏನು ಕೇಳಬೇಕೆಂದೇ ತೋಚುತ್ತಿರಲಿಲ್ಲ. ಖಾಲಿ ಕೈಯನ್ನು ಹಾಗೇ ಮುಖಕ್ಕೆ ಸವರಿಕೊಂಡು ಏಳುತ್ತಿದ್ದಳು. ಮಾಸ್ತರ್ ಒಂದು ದಿನ ಕತ್ತರಿ ಕೆಳಗಿಟ್ಟು, "ನಿಂಗೆ ಏನು ಮಾಡು ಅಂತ ನಾನು ಹೇಳಲ್ಲ ತಾಯಿ. ಹೇಳೋರು ಜಾಸ್ತಿ ಆಗಿದಾರೆ. ಬೆಳಕು ಇರೋ ಕಡೆ ಕೂತ್ಕೊಂಡು ಕೆಲಸ ಮಾಡು, ಅಷ್ಟೇ," ಎಂದ. ಅವಳು ಬೆಳಕಿರುವ ಕಡೆಗೆ ಹೋದಳು. ಕೂರಲಿಲ್ಲ.

ವಿಚಾರಣೆಯ ದಿನ ನ್ಯಾಯಾಲಯದ ಉದ್ದನೆಯ ಮೊಗಸಾಲೆಯಲ್ಲಿ ಕಾಯುತ್ತಿದ್ದರು. ಅಣ್ಣ ಗೋಡೆಗೆ ಒರಗಿದ್ದ, ಅವಳು ಕಿಟಕಿಯಿಂದ ಕಿಟಕಿಗೆ ನಡೆಯುತ್ತಿದ್ದಳು. ಮನಸ್ಸಿನಲ್ಲಿ ಮಾತು ಸಿದ್ಧವಾಗಿತ್ತು: ಜೀವ ಬೇಕು. ಆ ತುದಿಯಿಂದ ಪೊಲೀಸಿನವರು ಬೀಗದವನನ್ನು ಕರೆತಂದರು. ಕೈಗೆ ಕೋಳ. ದಾರಿ ಇಕ್ಕಟ್ಟು, ಇವರ ಎದುರಿನಿಂದಲೇ ಹೋಗಬೇಕು.

ಹತ್ತಿರ ಬಂದದ್ದೇ ತಡ, ಅಣ್ಣ ನುಗ್ಗಿದ. ಅವನ ಮುಷ್ಟಿ ಮೇಲೆದ್ದದ್ದನ್ನು ಅವಳು ಕಂಡಳು. ಬೀಗದವನು ಕೋಳದ ಕೈಗಳನ್ನು ಎತ್ತಲಿಲ್ಲ, ಪೊಲೀಸಿನವನ ಹಿಂದೆ ಸರಿಯಲೂ ಇಲ್ಲ. ಗೋಡೆಯ ಕಡೆ ತಿರುಗಿ, ತಲೆ ತಗ್ಗಿಸಿ ನಿಂತುಬಿಟ್ಟ. ಅಷ್ಟು ದೊಡ್ಡ ಆಳಿನ ಕತ್ತು, ಅಂಗಿಯ ಕಾಲರಿನ ಮೇಲೆ ಬೆತ್ತಲಾಗಿ, ಬೆವೆತು, ಅವಳ ಕಣ್ಣೆದುರಿಗೇ ಇತ್ತು. ಜೈಲಿನಲ್ಲಿ ಯಾರೋ ಅಡ್ಡಾದಿಡ್ಡಿ ಕೂದಲು ಕತ್ತರಿಸಿದ್ದರು.

ಅವಳು ಅಣ್ಣನ ಅಂಗಿ ಹಿಡಿದಳು. ಎರಡೂ ಕೈಯಲ್ಲಿ, ಹಿಂದಿನಿಂದ, ಇದ್ದಬದ್ದ ಬಲವೆಲ್ಲ ಹಾಕಿ. ಅಂಗಿ ಪರ್ರೆಂದು ಹರಿಯಿತು. "ಬಿಡೇ!" ಎಂದ ಅಣ್ಣ. ಅಷ್ಟರಲ್ಲಿ ಪೊಲೀಸಿನವರು ಅಡ್ಡ ಬಂದರು. ಅವಳ ಬೆರಳುಗಳ ನಡುವೆ ಹರಿದ ಬಟ್ಟೆಯ ಚೂರು ಉಳಿದಿತ್ತು. ಆ ಕತ್ತನ್ನು ಕಂಡಾಗ ಏನಾಯಿತೆಂದು ಅವಳಿಗೆ ಬಿಡಿಸಿ ಹೇಳಲು ತಿಳಿಯದು. ಹೊಡೆಯುವುದು ಎಷ್ಟು ಸುಲಭ ಎನ್ನಿಸಿತು. ಅಂಗಡಿಯ ಗೂಡಿನಲ್ಲಿ, ಸುತ್ತಿಗೆ ಹಿಡಿದವನಿಗೂ ಹೀಗೇ ಸುಲಭವೆನಿಸಿರಬೇಕು. ಅವನ ಹಿಂದೆ ಮಾತ್ರ ಅಂಗಿ ಹಿಡಿದು ಎಳೆಯುವವರು ಯಾರೂ ಇರಲಿಲ್ಲ.

ಒಳಗೆ ಖಾಜಿ ಮೊದಲು ಅಣ್ಣನನ್ನು ಕೇಳಿದರು. ಹರಿದ ಅಂಗಿಯಲ್ಲೇ ನಿಂತು ಅವನು, "ಜೀವಕ್ಕೆ ಜೀವ," ಎಂದ. 

"ನೀವಮ್ಮಾ?"

"ಬೇಡ," ಎಂದಳು.

"ಏನು ಬೇಡ? ಸ್ಪಷ್ಟವಾಗಿ ಹೇಳಬೇಕು."

"ಅವನ ಜೀವ ಬೇಡ. ಕ್ಷಮಿಸಿದೆ ಅಂತ ಹೇಳು ಅಂದ್ರೆ ಸುಳ್ಳಾಗುತ್ತೆ, ನಾನು ಕ್ಷಮಿಸಿಲ್ಲ. ನನ್ನ ತಮ್ಮ ಸಾಕು ಅಂದಾಗ ಇವನು ನಿಲ್ಲಿಸಲಿಲ್ಲ. ನಾನು ನಿಲ್ಲಿಸ್ತಿದೀನಿ. ಅಷ್ಟೇ ನಂಗೆ ಗೊತ್ತಿರೋದು."

ಖಾಜಿಗೆ ಕೆಮ್ಮು ಬಂತು. ಕೈ ಎತ್ತಿ, ಕೆಮ್ಮು ಮುಗಿಸಿ, ನೀರು ಕುಡಿದು ಹೇಳಿದರು: "ಕಾನೂನು ಕೇಳೋದು ನಿಮ್ಮ ಹಕ್ಕು ಬಿಟ್ರಾ ಅಂತ. ಮನಸ್ಸಲ್ಲಿರೋದು ನಿಮಗೂ ದೇವರಿಗೂ ಬಿಟ್ಟಿದ್ದು. ಯಾರೂ ನಿಮ್ಮನ್ನ ಹೆದರಿಸಿಲ್ಲ ತಾನೇ?"

"ಹೆದರಿಸೋರನ್ನ ನಾನು ಹೆದರಿಸಿ ಕಳಿಸ್ತೀನಿ," ಎಂದಳು. ಹಿಂದೆ ಯಾರೋ ನಕ್ಕು, ಸುಮ್ಮನಾದರು.

ಅಣ್ಣ ಮುಂದೆ ಬಂದ. "ಇದು ಯಾವ ನ್ಯಾಯ? ವಾರಸಿನಲ್ಲಿ ನನ್ನ ಪಾಲಿನ ಅರ್ಧದಷ್ಟೇ ಇವಳಿಗೆ. ಇವಳ ಮಾತಿಗೆ ನನ್ನ ಮಾತು ಬಿದ್ದುಹೋಗ್ಬೇಕಾ?"

"ಮನೆ ಆಗಿದ್ರೆ ಅಳೆದು ಹಂಚಬಹುದಪ್ಪ," ಎಂದರು ಖಾಜಿ. "ಜೀವ ಹಂಚೋಕಾಗಲ್ಲ. ಇವರ ಪಾಲಿನಷ್ಟು ಉಳಿಸಿ ನಿನ್ನ ಪಾಲಿನಷ್ಟು ತೆಗೀಲಾ? ಒಂದು ಚೂರು ಉಳೀತು ಅಂದ್ರೆ ಪೂರ್ತಿ ಉಳೀತು. ನಿನಗೆ ಪರಿಹಾರದ ಹಕ್ಕು ಇದೆ, ಅದನ್ನ ಯಾರೂ ತೆಗೆಯೋಕಾಗಲ್ಲ."

"ನನ್ನ ತಮ್ಮನ ಹೆಸರಲ್ಲಿ ಒಂದು ಕಾಸೂ ನಮ್ಮ ಮನೆಗೆ ಬರಬಾರದು," ಎಂದು ಅಣ್ಣ ಹೊರಗೆ ಹೋದ. ಅವಳ ಪಕ್ಕದಿಂದಲೇ ಹೋದ, ಅಲ್ಲಿ ಒಂದು ಕಂಬ ನಿಂತಿದೆಯೆಂಬಂತೆ.

ಜೀವ ಉಳಿದರೂ ಬೀಗದವನಿಗೆ ನ್ಯಾಯಾಲಯ ತನ್ನ ಕಡೆಯ ಶಿಕ್ಷೆಯಾಗಿ ಕೆಲವು ವರ್ಷಗಳ ಜೈಲು ಹಾಕಿತು. ಅವನು ಅವಳ ಕಡೆ ನೋಡಲು ಪ್ರಯತ್ನಿಸಿದ. ಅವಳು ಅಷ್ಟರಲ್ಲಿ ಮೆಟ್ಟಿಲಿಳಿಯುತ್ತಿದ್ದಳು.

ಮನೆಗೆ ಹೋದರೆ ಅವಳ ಟ್ರಂಕನ್ನು ಯಾರೂ ಹೊರಗೆ ಜಗಲಿಗೆ ಎಸೆದಿರಲಿಲ್ಲ. ಅಣ್ಣ ಅಷ್ಟು ಕೆಟ್ಟವನಲ್ಲ. ಅವನು ಸುಮ್ಮನೆ ಮಾತು ಬಿಟ್ಟ. ಊಟಕ್ಕೆ ಕೂತರೆ ಏಳುತ್ತಿದ್ದ, ಅವಳು ಬಂದ ಕೋಣೆಯಿಂದ ಹೋಗುತ್ತಿದ್ದ. ಒಂದು ವಾರ ನೋಡಿ ಅವಳೇ ಟ್ರಂಕು ತೆಗೆದುಕೊಂಡು ದರ್ಜಿ ಅಂಗಡಿಯ ಹಿಂದಿನ ಕೋಣೆಗೆ ಹೋದಳು. ಬಟ್ಟೆಯ ಥಾನುಗಳನ್ನು ಪೇರಿಸಿಡುತ್ತಿದ್ದ ಕೋಣೆ ಅದು, ಕಿಟಕಿ ಚಿಕ್ಕದು, ಗೋಡೆಗೆಲ್ಲ ಸೀಮೆಸುಣ್ಣದ ಗುರುತು. ಮಾಸ್ತರ್ ಒಂದು ಮಂಚ ಹಾಕಿಸಿಕೊಟ್ಟ. ಅತ್ತಿಗೆ ಗಂಡನ ಕಣ್ಣು ತಪ್ಪಿಸಿ ಡಬ್ಬಿಯಲ್ಲಿ ಸಾರು ತರುತ್ತಿದ್ದಳು. ಕಣ್ಣು ತಪ್ಪಿಸುತ್ತಿದ್ದಾಳೆಂದು ಗಂಡನಿಗೂ ಗೊತ್ತಿತ್ತು. ಸಾರು ಕಡಿಮೆಯಾದ ದಿನ ಅವನು ಕೇಳುತ್ತಿರಲಿಲ್ಲ.

ಬೀದಿಗೆ ಅವಳು ದೊಡ್ಡವಳಾಗಿಬಿಟ್ಟಳು. ಗಂಡನ ಮೇಲೆ ಮುನಿದವರು, ಅಕ್ಕತಂಗಿಯರೊಡನೆ ಮಾತು ಬಿಟ್ಟವರು ಬಂದು, "ನೀನು ಹೇಗೆ ಕ್ಷಮಿಸಿದೆ ಹೇಳಮ್ಮ," ಎಂದು ಕೇಳತೊಡಗಿದರು. "ನಾನೆಲ್ಲಿ ಕ್ಷಮಿಸಿದೀನಿ? ಯಾರು ಹೇಳಿದ್ದು ನಿಮಗೆ?" ಎಂದು ಅವಳು ಸೂಜಿ ತೋರಿಸಿ ಓಡಿಸುತ್ತಿದ್ದಳು. ಒಳಗಿನ ತಳಮಳ ಹೋಗಿರಲಿಲ್ಲ. ಸರಿ ಮಾಡಿದೆ ಎನ್ನಿಸಿದ ದಿನ ತಮ್ಮನ ಮುಖ ಕಣ್ಣ ಮುಂದೆ ಬಂದು, ನನ್ನನ್ನ ಬಿಟ್ಟುಕೊಟ್ಟೆಯಾ ಅಕ್ಕ ಎಂದ ಹಾಗಾಗುತ್ತಿತ್ತು. ಆಗ ಕೋಟು ಎತ್ತಿಕೊಂಡು ನಡೆಯುತ್ತಿದ್ದಳು.

ವರ್ಷಗಳಾದ ಮೇಲೆ ಬೀಗದವನು ಹೊರಗೆ ಬಂದ. ಬೇರೆ ಊರಿಗೆ ಹೊರಟವನು, ಹೋಗುವ ಮುಂಚೆ ಒಂದು ಸಲ ಬಂದು ನೋಡಲೇ ಎಂದು ಇಸ್ತ್ರಿಯವನ ಹತ್ತಿರ ಹೇಳಿಕಳಿಸಿದ.

"ಬೇಡ ಅನ್ನು," ಎಂದಳು. "ಅವನ ಮುಖ ನೋಡೋಕೆ ಅಂತ ನಾನು ಜೀವ ಉಳಿಸಿದ್ದಲ್ಲ. ಬದುಕಲಿ. ಎಲ್ಲಾದ್ರೂ ದೂರ ಬದುಕಲಿ."

ಇಸ್ತ್ರಿಯವನು ಹೊರಟ ಮೇಲೆ ಒಂದು ಮಾತು ಸೇರಿಸಲು ಬಾಗಿಲ ತನಕ ಹೋದಳು. ಏನೆಂದು ಹೊಳೆಯದೆ ವಾಪಸ್ಸು ಬಂದಳು.

ಅಣ್ಣ ಬಂದದ್ದು ಅದಾದ ಮುಂದಿನ ಚಳಿಗಾಲದಲ್ಲಿ. ಅವಳು ಜ್ವರ ಬಂದು ಮಂಚ ಹಿಡಿದಿದ್ದಳು. ಅವಳು ಮಲಗಿದ್ದಾಳೆ ಎನ್ನುವ ಸುದ್ದಿಯನ್ನೇ ಬೀದಿ ನಂಬಿರಲಿಲ್ಲ. ಅವನು ಬಸ್ಸಿನ ಖಾಕಿ ಅಂಗಿಯಲ್ಲೇ ಬಾಗಿಲಲ್ಲಿ ನಿಂತ. ತಲೆ ಪೂರ್ತಿ ಬೆಳ್ಳಗಾಗಿತ್ತು.

"ನನ್ನ ಕೋಪ ಹೋಗಿಲ್ಲ," ಎಂದ.

"ಹೋಗ್ಬೇಕು ಅಂತ ಯಾರು ಹೇಳಿದ್ರು? ಒಳಗೆ ಬಾ, ಚಳಿ ಬರ್ತಿದೆ."

ಒಳಗೆ ಬಂದ. ಕೂರಲು ಜಾಗ ಹುಡುಕಿ, ಥಾನುಗಳ ಮೇಲೆ ಕೂತ. ಗೋಡೆ ನೋಡಿದ, ಕಿಟಕಿ ನೋಡಿದ, ಔಷಧಿಯ ಸೀಸೆ ಎತ್ತಿ ಅದರ ಮೇಲಿದ್ದದ್ದನ್ನು ಓದಿದ.

"ಅವನು ಸಾಕು ಅಂದಿದ್ದು ನಿಜಾನಾ?"

"ಹೂಂ."

"ನಂಗೆ ಯಾಕೆ ಹೇಳಲಿಲ್ಲ ಅವತ್ತು? ಖಾಜಿ ಮುಂದೆ ಕೇಳಿ ತಿಳ್ಕೋಬೇಕಾಯ್ತು."

"ಹೇಳಿದ್ರೆ ನೀನು ಇನ್ನೂ ಉರೀತಿದ್ದೆ. ನಾನೇ ಉರೀತಿದ್ದೆ, ಇಬ್ಬರೂ ಉರಿದ್ರೆ ಮನೇಲಿ ಅಡುಗೆ ಯಾರು ಮಾಡೋರು?"

  ಹೊರಗೆ ಮೆಷಿನ್ನುಗಳು ತಡೆತಡೆದು ಓಡುತ್ತಿದ್ದವು. ಆಮೇಲೆ ಅವನು ಎದ್ದು ಸ್ಟೌವ್ ಹಚ್ಚಿ, ಡಬ್ಬಗಳನ್ನೆಲ್ಲ ತೆರೆದು ಮೂಸಿ, ಸಕ್ಕರೆ ಯಾವುದು ಉಪ್ಪು ಯಾವುದೆಂದು ಗೊಣಗುತ್ತ ಚಹಾ ಮಾಡಲು ನಿಂತ. ಅವಳು ಮಲಗಿದಲ್ಲಿಂದಲೇ ಹೇಳಿದಳು: "ಎಡಗಡೆಯದು ಅಣ್ಣ. ನೀರು ಕುದೀಲಿ, ಅವಸರ ಮಾಡ್ಬೇಡ."